ಪೆಟ್ಟಿಗೆಯೊಳಗಿನ ದೂರದ ಗಂಟೆ

ನಮ್ಮ ಭಾವನಿಗೆ ಒಂದೇ ರೋಗ, ಯಾರೂ ಕೇಳದೆ ರಿಪೇರಿ ಮಾಡುವುದು. ನಲ್ಲಿ ತೊಟ್ಟಿಕ್ಕುವ ಮೊದಲೇ ವಾಷರ್ ಬದಲಾಯಿಸುವ ಆಸಾಮಿ. ಅಂಥವರ ಕಣ್ಣಿಗೆ ಅಕ್ಕನ ಸಿಂಥಸೈಜರ್ ಎಂಬ ಧ್ವನಿ ಕಟ್ಟುವ ಪೆಟ್ಟಿಗೆಯ ಪರದೆಯಲ್ಲಿ ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆ ಬಿದ್ದರೆ ಸುಮ್ಮನಿರುತ್ತಾರೆಯೇ? ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಮುಚ್ಚಳ ಬಿಚ್ಚಿ, ಹಳೆಯದನ್ನು ಕಿತ್ತು, ಹೊಸದನ್ನು ಬೆಸುಗೆ ಹಾಕಿ, ಒಳಗಿನ ಧೂಳನ್ನೂ ಒರೆಸಿಟ್ಟರು. ಅಕ್ಕ ಮಾಡಿಟ್ಟಿದ್ದ ಧ್ವನಿಗಳನ್ನೆಲ್ಲ ನೆನಪಿನಲ್ಲಿ ಹಿಡಿದಿಟ್ಟಿದ್ದೇ ಆ ಬ್ಯಾಟರಿ. ಅದು ಹೊರಬಂದ ಕ್ಷಣ ಎಲ್ಲವೂ ಅಳಿಸಿಹೋದವು. ಬೇರೆ ಕಡೆ ಪ್ರತಿ ಇಡುತ್ತೇನೆಂದು ಅಕ್ಕ ಇವತ್ತು ನಾಳೆ ಅನ್ನುತ್ತಲೇ ಕಾಲ ಕಳೆದಿದ್ದಳು.

ಪೆಟ್ಟಿಗೆ ನೋಡುವುದಕ್ಕೆ ಏನೇನೂ ಅಲ್ಲ. ಚಪ್ಪಟೆ, ಕಪ್ಪು, ಹಳೆಯ ಕಾಲದ ಡಿಜಿಟಲ್ ಯಂತ್ರ. ಅದಕ್ಕೆ ತನ್ನದೇ ಕೀಲಿಗಳೂ ಇಲ್ಲ, ಕೀಬೋರ್ಡಿನಿಂದ ತಂತಿ ಎಳೆದು ನುಡಿಸಬೇಕು. ಆದರೆ ಒಳಗೆ ಒಂದು ಧ್ವನಿಯ ಅಲೆ ಇನ್ನೊಂದು ಅಲೆಯನ್ನು ಅಲುಗಾಡಿಸಿ, ಲೋಕದಲ್ಲಿ ಇಲ್ಲದ ಧ್ವನಿ ಹುಟ್ಟಿಸುತ್ತದೆ. ಕಿರುಬೆರಳಗಲದ ಪರದೆಯಲ್ಲಿ ಒಂದೊಂದೇ ಅಂಕಿ ಬದಲಿಸುತ್ತ ಕೂರುವ ತಾಳ್ಮೆ ಬೇಕು. ಬಹಳ ಜನ ವಾದ್ಯಗಾರರು ಸಾಕಪ್ಪ ಸಾಕು ಎಂದು ಕೈಮುಗಿದು, ಕಂಪನಿ ಕೊಟ್ಟ ಧ್ವನಿಗಳಲ್ಲೇ ಸುಧಾರಿಸಿಕೊಂಡರು. ನನ್ನಕ್ಕ ಮಾತ್ರ ಪಟ್ಟು ಬಿಡಲಿಲ್ಲ. ಅವಳ ಬಗ್ಗೆ ನನಗಿರುವ ಹೆಮ್ಮೆಯನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಅಳಿಸಿದ್ದರಲ್ಲಿ ದೋಣಿಯ ಗಂಟೆಯೂ ಇತ್ತು. ಅದೇ ದಿನ ಸಂಜೆ, ಅಕ್ಕ ಧ್ವನಿ ಒದಗಿಸುತ್ತಿದ್ದ ನಾಟಕದ ಮೊದಲ ಪ್ರದರ್ಶನ. ಕಡೆಯ ದೃಶ್ಯದಲ್ಲಿ ಕುರುಡಿ ತಾಯಿ ನದಿ ದಡದಲ್ಲಿ ಕೂತಿರುತ್ತಾಳೆ. ಮಗನ ದೋಣಿಯ ಗಂಟೆ ಕೇಳಿಸುತ್ತದೆ, ಅವಳು ಎದ್ದು ನಿಲ್ಲುತ್ತಾಳೆ. ಆ ಗಂಟೆಯಿಲ್ಲದೆ ದೃಶ್ಯವೇ ಇಲ್ಲ. ರೆಕಾರ್ಡು ಮಾಡಿದ ಗಂಟೆ ಹಾಕೋಣವೆಂದು ನಿರ್ದೇಶಕರು ಸೂಚಿಸಿದರು. ಅದು ಜೋರಾಗಬಹುದು ಅಷ್ಟೇ, ಹತ್ತಿರ ಬರುವುದಿಲ್ಲ ಎಂದಳು ಅಕ್ಕ. ಪೆಟ್ಟಿಗೆಯಲ್ಲಿ ಹಾಗಲ್ಲ. ಕೀಲಿಯನ್ನು ಮೆಲ್ಲಗೆ ಒತ್ತಿದರೆ ನೀರಿನಾಚೆಯ ಮಂಕು ಗಂಟೆ, ಬಲವಾಗಿ ಒತ್ತಿದರೆ ಕಿವಿಯ ಪಕ್ಕದ ಲೋಹ.

ಅಕ್ಕ ಗಂಡನನ್ನು ಬೈಯಲೂ ಇಲ್ಲ, ಅದು ಬೈಗುಳಕ್ಕಿಂತ ಕಷ್ಟ. ಪೆಟ್ಟಿಗೆಯನ್ನು ರಂಗಮಂದಿರಕ್ಕೆ ಹೊತ್ತು ತಂದ ಭಾವ, ತಪ್ಪು ಮಾಡಿದ ಮಗುವಿನ ಹಾಗೆ ಮುಂದಿನ ಸಾಲಿನಲ್ಲಿ ಮುದುಡಿ ಕೂತರು. ಊಟ ಬಿಟ್ಟು ಅಕ್ಕ ಗಂಟೆಯನ್ನು ಮೊದಲಿನಿಂದ ಕಟ್ಟಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದು ನುಡಿಯಿತು. ನನಗಂತೂ ಮೊದಲಿಗಿಂತ ಚೆನ್ನಾಗಿದೆ ಅನಿಸಿತು.

ತಾಯಿಯ ಪಾತ್ರದ ಹಿರಿಯ ನಟಿ ತಾಲೀಮಿಗೆಂದು ವೇದಿಕೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಗಂಟೆ ಮೊಳಗಿತು. ಅವರು ಏಳಲಿಲ್ಲ.

“ತುಂಬಾ ಚೆನ್ನಾಗಿದೆ ಕಣಮ್ಮ. ಆದ್ರೆ ಇದು ಯಾರದೋ ದೋಣಿ, ನನ್ನ ಮಗಂದಲ್ಲ.”

ಅಕ್ಕನ ಮುಖ ಸಣ್ಣಗಾಯಿತು. ಪಕ್ಕದಲ್ಲಿದ್ದ ನನ್ನ ಕಿವಿಯಲ್ಲಿ ಹೇಳಿದಳು. ಹಳೆಯ ಗಂಟೆಯಲ್ಲಿ ಒಂದು ಅಲೆ ಶ್ರುತಿಯಿಂದ ಕೂದಲೆಳೆಯಷ್ಟು ಜಾರಿತ್ತಂತೆ. ಅದು ತನ್ನ ತಪ್ಪೆಂದು ಅವಳಿಗೆ ನಾಚಿಕೆಯಿತ್ತು. ಹೇಗೂ ಹೊಸದಾಗಿ ಕಟ್ಟುತ್ತಿದ್ದೇನಲ್ಲ ಎಂದು ಈ ಸಲ ಸರಿಮಾಡಿಬಿಟ್ಟಿದ್ದಳು. ಗಂಡಹೆಂಡಿರು ಒಳ್ಳೇ ಜೋಡಿ ಎಂದುಕೊಂಡೆ.

ಒಂದೇ ಒಂದು ಅಂಕಿಯನ್ನು ಕೆಡಿಸಿ, ಅಕ್ಕ ಕೀಲಿಯನ್ನು ಮೆಲ್ಲಗೆ ಒತ್ತಿದಳು. ಬಿರುಕು ಬಿಟ್ಟ ಹಳೆಯ ಗಂಟೆಯೊಂದು ದೂರದಲ್ಲಿ ನಡುಗಿತು. ಮತ್ತೆ ಒತ್ತಿದಳು, ತುಸು ಹತ್ತಿರ. ನಟಿ ಎದ್ದರು. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ವೇದಿಕೆಯ ಅಂಚಿಗೆ ನಡೆದೇಬಿಟ್ಟರು. ಬಿದ್ದೇಬಿಡುತ್ತಾರೆಂದು ಭಾವ ಓಡಿಹೋಗಿ ಆ ಕೈ ಹಿಡಿದುಕೊಂಡರು. ನಟಿ ಭಾವನ ಕೆನ್ನೆ ತಡವಿದರು.

“ಬಂದ್ಯಾ?”

ಜನ್ಮದಲ್ಲಿ ಬಣ್ಣ ಹಚ್ಚದ ನಮ್ಮ ಭಾವ ಹಿಡಿದ ಕೈ ಬಿಡಲಿಲ್ಲ.

“ಬಂದೆ ಅಮ್ಮ,” ಅಂದರು.

ಅಕ್ಕ ಮೊದಲು ಧ್ವನಿ ಉಳಿಸುವ ಗುಂಡಿ ಒತ್ತಿದಳು, ಆಮೇಲೆ ಕಣ್ಣೊರೆಸಿಕೊಂಡಳು.