ಬುರುಡೆ ಬಾತುಗಳು

"ಇನ್ನೂ ಒಳಗೆ ಇಳಿಯೇ ಮುಂಡೆ. ಜೊಂಡಿನ ಮೇಲೆ ನಿನ್ನ ತಲೆ ಕಂಡ್ರೆ ಫೋಟೋ ಎಲ್ಲ ಹೊಲಸಾಗತ್ತೆ," ಎಂದ ಹಕ್ಕಿಧಾಮದ ಸಾಹೇಬ. ಸೆಂಟು ಹಾಕಿದ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಬೈಯುತ್ತಿದ್ದ.

"ಮುಂಡೆ ಅನ್ಬೇಡಿ ಸ್ವಾಮಿ. ಗಂಡ ಬದುಕಿದಾನೆ. ನೀವೇ ಜೈಲಲ್ಲಿ ಇಟ್ಟಿದೀರಿ."

"ಬಾಯಿ ಮುಚ್ಕೊಂಡು ಇಳಿ."

ಕೊಕ್ಕರೆ ಎದೆಮಟ್ಟ ಇಳಿದಳು. ಉದ್ದ ಕಾಲಿನವಳೆಂದು ನೆರೆಹೊರೆಯವರು ಇಟ್ಟ ಹೆಸರು ಅದು. ಕೆರೆಯಲ್ಲಿ ಈಗ ನೀರೆಂಬುದೇ ಇರಲಿಲ್ಲ. ದಡದ ಹೋಟೆಲಿನ ಪೈಪು ಕಕ್ಕಿದ ಕೊಚ್ಚೆ, ಅದರ ಮೇಲೆ ಅಂಗೈ ದಪ್ಪದ ನೊರೆ, ನೊರೆಯೊಳಗೆ ಎಣ್ಣೆ, ಕೂದಲು, ಊದಿಕೊಂಡ ಎಂಜಲು. ಹೋದ ಚಳಿಗಾಲ ಇಳಿದ ಬಾತುಗಳು ಕತ್ತು ಜೋತುಬಿದ್ದು ಸತ್ತಿದ್ದವು. ಹುಳ ಬಿದ್ದ ಮೇಲೆ ಚೀಲಕ್ಕೆ ತುಂಬಿ ಹೂತವಳು ಇವಳೇ. ಈ ಸಲ ದೂರದೇಶದ ಹಿಂಡುಗಳು ಮೇಲೇ ಒಂದು ಸುತ್ತು ಹಾಕಿ ಮುಂದಕ್ಕೆ ಹೋಗುತ್ತಿದ್ದವು. ಅವಕ್ಕಿದ್ದ ಬುದ್ಧಿ ಸಾಹೇಬನಿಗಿರಲಿಲ್ಲ.

ಇವತ್ತು ಹಕ್ಕಿ ಉಳಿಸುವ ಸಮಾರಂಭ. ಮುಖ್ಯ ಅತಿಥಿ ಅದೇ ಹೋಟೆಲಿನ ಧಣಿ. ಹಕ್ಕಿಯೇ ಇಲ್ಲದ ಕೆರೆಯನ್ನು ಅತಿಥಿಗಳಿಗೆ ತೋರಿಸುವುದು ಹೇಗೆ? ಆಗ ಸಾಹೇಬನಿಗೆ ಹಕ್ಕಿ ಹಿಡಿಯುವ ಬಲೆಗಾರರ ನೆನಪು ಬಂದಿತ್ತು. ಎರಡು ಬಾತು ಹಿಡಿದನೆಂದು ಇವಳ ಗಂಡನನ್ನು ಒಳಗೆ ಹಾಕಿಸಿದ ಅದೇ ಬಾಯಲ್ಲಿ, "ಹಿಂಡು ಇಳಿಸು, ಕೇಸು ಹಿಂದಕ್ಕೆ ತಗೋತೀನಿ," ಎಂದಿದ್ದ.

ಅತ್ತೆ ಒಣಸೋರೆಯ ಬುರುಡೆಗಳಿಗೆ ಮಸಿ, ಸುಣ್ಣ ಬಳಿದು, ಗರಿ ಅಂಟಿಸಿ ಬಾತು ಮಾಡಿಕೊಟ್ಟಿದ್ದಳು. ತೇಲಿಬಿಟ್ಟು ದಾರ ಅಲ್ಲಾಡಿಸಿದರೆ ಮೇಲಿನ ಹಿಂಡು ತಮ್ಮವರೇ ಎಂದು ನಂಬಿ ಇಳಿಯುತ್ತದೆ.

"ಬುರುಡೆ ನೀರಲ್ಲಿದ್ದಾಗ ಗಿಡುಗನ ಸಿಳ್ಳೆ ಹಾಕ್ಬಾರ್ದು, ನೆನಪಿರ್ಲಿ," ಎಂದು ಹೊರಡುವಾಗ ಎಚ್ಚರಿಸಿದ್ದಳು. "ಹಿಂಡು ಚೆದುರಿಸಿದವಳಿಗೆ ನಮ್ಮೋರು ಯಾರೂ ಒಂದು ತುತ್ತು ಹಾಕಲ್ಲ."

"ಗೊತ್ತತ್ತೆ."

"ನನ್ನ ಮಗ ಮನೆಗೆ ಬಂದ್ರೆ ಸಾಕು ಕಣೇ."

ದಡದ ಅಟ್ಟಣಿಗೆಯ ಮೇಲೆ ಅತಿಥಿಗಳು ದುರ್ಬೀನು ಹಿಡಿದು ಕುಳಿತರು. ಬಿಳಿ ಬಟ್ಟೆ ಹಾಸಿದ ಮೇಜಿನ ತುಂಬ ತಿಂಡಿ. ಹಿಂಡು ಬಂತು. ಕೊಕ್ಕರೆ ದಾರ ಎಳೆದಳು, ಗಂಟಲಲ್ಲೇ ಬಾತಿನ ದನಿ ಮಾಡಿ ಕರೆದಳು. ಹಿಂಡು ಕೆಳಗಾಯಿತು. ಮೊದಲ ಬಾತು ಅವಳ ಮಗ್ಗುಲಲ್ಲೇ ಇಳಿದು ಕೊಕ್ಕು ಅದ್ದಿತು, ತಲೆ ಕೊಡವಿತು. ಮತ್ತೆ ಏಳಲು ನೋಡಿತು. ಎಣ್ಣೆ ಮೆತ್ತಿ ರೆಕ್ಕೆ ಬಿಚ್ಚಲೇ ಇಲ್ಲ. ಉಳಿದವು ಅದನ್ನು ನಂಬಿ ಕಾಲು ಚಾಚಿಕೊಂಡು ಬರುತ್ತಿದ್ದವು.

ಕಂಬಿಯ ಹಿಂದಿನ ಗಂಡನ ಮುಖ ಕೊಕ್ಕರೆಯ ಕಣ್ಣೆದುರು ಬಂತು. ಆದರೂ ಎರಡು ಬೆರಳು ಬಾಯಿಗೆ ಹೋದವು. ಬೆರಳಿನ ಹೊಲಸು ನಾಲಿಗೆಗೆ ತಾಗಿತು. ಅದನ್ನು ನುಂಗಿಕೊಂಡೇ ಗಿಡುಗನ ಸಿಳ್ಳೆ ಹಾಕಿದಳು.

ಇಡೀ ಹಿಂಡು ಒಮ್ಮೆಲೇ ಮೇಲೆದ್ದು ಹೋಯಿತು. ಇಳಿದಿದ್ದ ಒಂದು ಮಾತ್ರ ನೊರೆಯಲ್ಲಿ ಗಿರಗಿರನೆ ಸುತ್ತುತ್ತಿತ್ತು.

ಅತಿಥಿಗಳು ಚಪ್ಪಾಳೆ ತಟ್ಟಿದರು.

ಸಾಹೇಬ ಹಲ್ಲು ಕಿರಿಯುತ್ತ ದಡಕ್ಕೆ ಓಡಿಬಂದ. "ಭಲೆ! ಹಿಂಡು ಎದ್ದಿದ್ದು ನೋಡಿ ಧಣಿಗಳಿಗೆ ಭಾರಿ ಖುಷಿ. ಇನ್ನೊಂದ್ಸಲ ಕರಿ. ನಾಳೆನೇ ನಿನ್ನ ಗಂಡ ಮನೇಲಿರ್ತಾನೆ."

ಕೊಕ್ಕರೆ ಬಾತನ್ನು ಎತ್ತಿ ಕಂಕುಳಲ್ಲಿ ಅವಚಿಕೊಂಡಳು. ಒಂದು ಬುರುಡೆಯ ಕತ್ತು ಮುರಿದು ಕೆರೆಯಲ್ಲಿ ಮುಳುಗಿಸಿ ತುಂಬಿದಳು. ಕೊಚ್ಚೆ ತೊಟ್ಟಿಕ್ಕಿಸುತ್ತ ಅಟ್ಟಣಿಗೆ ಹತ್ತಿ, ಧಣಿಯ ತಟ್ಟೆಯ ಪಕ್ಕ ಅದನ್ನು ಇಟ್ಟಳು. ಸುತ್ತಲಿನವರು ಮೂಗು ಮುಚ್ಚಿಕೊಂಡರು.

"ಕರೀತೀನಿ. ಮೊದ್ಲು ನೀವು ಕುಡೀರಿ. ನಿಮ್ಮ ಪೈಪಿಂದೇ."

"ಈ ಹೊಲಸು ಮುಂಡೇನ ಎಳ್ಕೊಂಡು ಹೋಗ್ರೋ," ಎಂದು ಕೂಗಿದ ಸಾಹೇಬ.

ಯಾರಿಗೂ ಅವಳನ್ನು ಮುಟ್ಟುವ ಮನಸ್ಸಾಗಲಿಲ್ಲ. ಮಗ ಬಿಡುಗಡೆಯಾಗುತ್ತಾನೆಂದು ದಡದಲ್ಲಿ ಕಾದಿದ್ದ ಅತ್ತೆ ಮಾತ್ರ ಸಿಳ್ಳೆ ಕೇಳಿದಾಗಲೇ ಎದ್ದವಳು, ಹೊಡೆಯಲು ಕೈ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಸೊಸೆಯ ಕಂಕುಳಲ್ಲಿ ಬಾತು ಕಪ್ಪಗೆ ಕಾರಿಕೊಳ್ಳುತ್ತಿತ್ತು. ಅದನ್ನು ನೋಡಿದಳು. ಎತ್ತಿದ ಕೈ ಕೆಳಗಿಳಿಯಿತು.

"ಒಂದೇ ಬುರುಡೆ ತಂದಿದೀಯಲ್ಲೇ," ಎಂದಳು. "ಸಾಹೇಬ್ರಿಗೆ?"

ಮತ್ತೆ ಮೆಟ್ಟಿಲಿಳಿದು ಹೋಗಿ, ತಾನೇ ಬಣ್ಣ ಬಳಿದಿದ್ದ ಇನ್ನೊಂದು ಬುರುಡೆಯ ಕತ್ತು ಮುರಿದಳು.