ಮೂರೂವರೆ ಗಂಟೆಯ ಎದೆಬಡಿತ

ನಾನು ಬೀಟೆಮರದ ಒಂದು ಕೊಳವೆ. ಒಂದು ಗೇಣು ಉದ್ದ. ಒಂದು ತುದಿ ಉಮ್ಮತ್ತಿ ಹೂವಿನಂತೆ ಅರಳಿದೆ, ಇನ್ನೊಂದು ಚಪ್ಪಟೆ. ಅರಳಿದ ತುದಿಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಚಪ್ಪಟೆ ತುದಿಗೆ ಕಿವಿಗೊಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ಅದಕ್ಕಾಗಿಯೇ ಒಬ್ಬ ಬಡಗಿ ನನ್ನನ್ನು ಕಡೆದ. ಬೇರೆ ಕೆಲಸ ನನಗೆ ತಿಳಿಯದು.

ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನನ್ನ ಮೊದಲ ಒಡತಿ ಗುರುಬಸವ್ವ ನರ್ಸ್. ಪ್ರತಿ ಸಲವೂ ನನ್ನನ್ನು ಕಣ್ಣಿಗೊತ್ತಿಕೊಂಡು, "ಶಿವನೇ" ಎಂದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸುವಳು. ಆಮೇಲೆಯೇ ಪೆನ್ನು ಮುಟ್ಟುವಳು. ನಿವೃತ್ತಳಾದ ದಿನ ನನ್ನನ್ನು ಕಿರಿಯ ನರ್ಸ್ ಮಾರ್ಥಾಳ ಕೈಗಿಟ್ಟಳು. "ಮೊದಲ ಕೇಳ, ಆಮ್ಯಾಲ ಬರಿ, ತಂಗಿ."

ಮಾರ್ಥಾ ಬಹಳ ವರ್ಷ ಹಾಗೆಯೇ ನಡೆದಳು. ನಂತರ ಎದೆಬಡಿತ ಕೇಳಿಸುವ ಬ್ಯಾಟರಿಯ ಯಂತ್ರ ಬಂತು. ನಾನು ಗೋಡೆಯ ಮೊಳೆ ಸೇರಿದೆ. ತಪಾಸಣೆಯವರೂ ಬಂದರು. ಹೆರಿಗೆ ಹಾಳೆಯಲ್ಲಿ ಕೂಸಿನ ಎದೆಬಡಿತ ಬರೆಯಲು ಅರ್ಧ ಗಂಟೆಗೊಂದು ಚೌಕ. ಖಾಲಿ ಚೌಕ ಕಂಡರೆ ನೋಟಿಸು. ಕೂಸಿನ ಎದೆ ಕೇಳಿದಿರಾ ಎಂದು ಅವರು ಯಾರನ್ನೂ ಕೇಳಲಿಲ್ಲ. ಹೀಗೆ ಒಂದು ರೂಢಿ ಬೆಳೆಯಿತು. ಡ್ಯೂಟಿ ಮುಗಿಸಿ ಹೋಗುವವಳು ಮುಂದಿನ ಗಂಟೆಗಳ ಚೌಕಗಳನ್ನೂ ತುಂಬಿಟ್ಟು ಹೋಗುವಳು, ಬರುವವಳಿಗೆ ಉಪಕಾರವೆಂದು. ನೂರಾ ನಲವತ್ತು, ನೂರಾ ನಲವತ್ತು. ಗಟ್ಟಿ ಕೂಸಿನ ಎದೆ ನಿಮಿಷಕ್ಕೆ ಬಡಿಯುವಷ್ಟು, ಯಾರೂ ಪ್ರಶ್ನಿಸದ ಸಂಖ್ಯೆ.

ಒಂದು ದಿನ ಕೋಣೆಯ ಮೂರು ಮಂಚಗಳೂ ತುಂಬಿದ್ದವು. ಯಂತ್ರದ ಬ್ಯಾಟರಿ ಸತ್ತು ವಾರವಾಗಿತ್ತು. ಕಿಟಕಿಯ ಮಂಚದಲ್ಲಿದ್ದ ಫಕೀರವ್ವನಿಗೆ ಚೊಚ್ಚಲು.

"ಅಕ್ಕಾರ, ಕೂಸು ಮುಂಜಾನಿಂದ ಮಿಸುಗಾಡವಲ್ದುರಿ."

"ಮಲಗಲಿ ಬಿಡ ಯವ್ವಾ," ಎಂದು ಮಾರ್ಥಾ ನಕ್ಕಳು. "ಹೊರಗ ಬಂತಂದ್ರ ನಿನಗ ನಿದ್ದಿ ಕೊಡೂದಿಲ್ಲ ಅದು."

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನೇತಾಡುತ್ತಿದ್ದೆ. ಮಾರ್ಥಾ ಮೇಜಿನ ಬಳಿ ನಿಂತು, ಸಂಜೆ ನಾಲ್ಕರ ಚೌಕದವರೆಗೂ ನೂರಾ ನಲವತ್ತು ಬರೆದು, ಎರಡು ಗಂಟೆಗೆ ಮನೆಗೆ ಹೋದಳು. ಅವಳ ಬದಲಿಗೆ ಬಂದವಳು ತುಂಬಿದ ಹಾಳೆ ನೋಡಿ ಬೇರೆ ಮಂಚಕ್ಕೆ ತಿರುಗಿದಳು.

ಎರಡೂ ಮುಕ್ಕಾಲಿಗೆ ಡಾಕ್ಟರು ಬಂದು ನನ್ನನ್ನು ಮೊಳೆಯಿಂದ ಇಳಿಸಿದರು. ಧೂಳು ಒರೆಸಿ ಫಕೀರವ್ವನ ಹೊಟ್ಟೆಗಿಟ್ಟರು. ತಾಯಿಯ ರಕ್ತ ಹರಿಯುವ ನಿಧಾನದ ಸದ್ದು ನನ್ನೊಳಗೆ ಬಂತು. ಆ ಇನ್ನೊಂದು, ಓಡುವ ಸದ್ದು, ಇರಲಿಲ್ಲ. ಅವರು ಜಾಗ ಬದಲಿಸಿ ಬದಲಿಸಿ ಇಟ್ಟರು. ಇರುವಷ್ಟನ್ನೇ ನಾನು ಹೇಳಬಲ್ಲೆ.

ಮೂರೂ ಕಾಲಿಗೆ ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ.

ಮರುದಿನ ಆಸ್ಪತ್ರೆಯ ಗುಮಾಸ್ತ ಮಾರ್ಥಾಳಿಗೆ ಮೆಲ್ಲಗೆ ಹೇಳಿದ: "ಸಿಸ್ಟರ್, ಬ್ಯಾರೆ ಹಾಳಿ ಬರ್ದು ಕೊಡ್ರಿ. ಇದನ್ನ ನಾ ನೋಡ್ಕೋತೇನಿ."

ಮಾರ್ಥಾ ಹಾಳೆಯನ್ನು ಎದೆಗವಚಿಕೊಂಡಳು. "ಬ್ಯಾಡ್ರಿ. ಸುಳ್ಳ ಒಂದ್ ಸಲ ಬರ್ದಿದ್ದ ಸಾಕ."

ವಿಚಾರಣೆ ಆ ಕೋಣೆಯಲ್ಲೇ ನಡೆಯಿತು. ಫಕೀರವ್ವನ ತಾಯಿ ಬಾಗಿಲಲ್ಲಿ ನಿಂತಿದ್ದಳು. ಅಧಿಕಾರಿ ಹಾಳೆಯ ಮೇಲೆ ಬೆರಳಿಟ್ಟರು.

"ಕೂಸು ಹುಟ್ಟಿದ್ದು ಮೂರೂ ಕಾಲಿಗೆ. ಮೂರೂವರಿಗೆ ಯಾರ ಎದಿ ಎಣಿಸೀರಿ, ಸಿಸ್ಟರ್?"

ಮಾರ್ಥಾ ನನ್ನ ಮೊಳೆಯತ್ತ ನೋಡಿದಳು. "ಯಾರದೂ ಅಲ್ರಿ. ಅವತ್ತ ಮುಂಜಾನಿಂದ ನಾ ಆ ಕೊಳವಿ ಮುಟ್ಟೇ ಇಲ್ಲ."

ಅವಳ ಕೆಲಸ ಹೋಯಿತು. ನಾನೀಗ ಬಿರುಕುಬಿಟ್ಟು ಅದೇ ಕೋಣೆಯ ಗಾಜಿನ ಕಪಾಟಿನಲ್ಲಿದ್ದೇನೆ. ಹೊಸ ಯಂತ್ರ, ಹೊಸ ಹಾಳೆ, ಹೊಸ ಹುಡುಗಿಯರು. ಕೇಳುವುದಷ್ಟೇ ದೇವರು ನನಗೆ ಕೊಟ್ಟ ಕೆಲಸ, ಈಗಲೂ ಕೇಳುತ್ತೇನೆ. ಎರಡು ಗಂಟೆ ಹತ್ತಿರವಾದಾಗ ಮೇಜಿನ ಕಡೆಯಿಂದ ಪೆನ್ನಿನ ಸದ್ದು ಬರುತ್ತದೆ. ಮಂಚದತ್ತ ಹೋಗುವ ಹೆಜ್ಜೆಯ ಸದ್ದಿಗೆ ಕಾಯುತ್ತೇನೆ.

ಪೆನ್ನು ನಿಲ್ಲುವುದಿಲ್ಲ.