ಮೈಲಾರಿ ತೋಳಿನ ಜಂಪರು

ಮೊದಲೇ ಕ್ಷಮೆ ಕೇಳುವುದು ಒಳ್ಳೆಯದು. ನಾಟಕ ಕಂಪನಿಯ ಒಳಗಿನ ಬದುಕನ್ನು ಹೇಳಬೇಕಾದವರು ಅಲ್ಲಿ ಉಂಡು ಮಲಗಿ ಎದ್ದವರು. ಪರದೆಯ ಈಚೆ ಕೂತು ನೋಡಿದವರು ಹೇಳಹೊರಟರೆ ಎಲ್ಲೋ ಒಂದು ಕಡೆ ತಪ್ಪಿಯೇ ತಪ್ಪುತ್ತದೆ. ಆದರೆ ಜಂಪರು ಹೊಲಿಯುವ ಹಂಪವ್ವನ ವಿಷಯದಲ್ಲಿ ದಾವಣಗೆರೆಯಲ್ಲಿ ಆಡುವ ಮಾತು ಇದಕ್ಕಿಂತ ಹೆಚ್ಚು ತಪ್ಪಾಗಿದೆ. ಒಬ್ಬ ಗಂಡಸಿನ ಹೊಟ್ಟೆಯ ಮೇಲೆ ಹೊಡೆದು ಅವಳು ಮೇಲೆ ಬಂದಳು ಎನ್ನುತ್ತಾರೆ. ಅಷ್ಟೇ ಆಗಿದ್ದರೆ ಕಥೆ ಹೇಳುವ ಗೋಜು ಬೇಕಿರಲಿಲ್ಲ. ತಪ್ಪಿದ್ದಲ್ಲಿ ತಿಳಿದವರು ತಿದ್ದಿಕೊಳ್ಳಬೇಕು.

ಸಾವಿರದ ಒಂಬೈನೂರ ಐವತ್ತೊಂಬತ್ತನೇ ಇಸವಿ. ಓಬಯ್ಯನ ನಾಟಕ ಕಂಪನಿ ದಾವಣಗೆರೆಯಲ್ಲಿ ತಗಡಿನ ಥಿಯೇಟರು ಹಾಕಿ ಐದು ತಿಂಗಳಾಗಿತ್ತು. ಆ ಕಂಪನಿಯ ನಾಯಕಿ ಗಂಡಸು. ಹದಡಿಯ ಮೈಲಾರಲಿಂಗಪ್ಪ ಹನ್ನೊಂದು ವರ್ಷದಿಂದ ರಾಣಿ, ರಾಜಕುಮಾರಿ, ಗರತಿ ಎಲ್ಲವೂ ಆಗಿದ್ದವನು. ಊರ ಬಾಯಲ್ಲಿ ಅವನು ಮೈಲಾರಿ. ವಯಸ್ಸು ಮೂವತ್ತೊಂದಾಗಿತ್ತು, ಕೇಳಿದವರಿಗೆಲ್ಲ ಇಪ್ಪತ್ತನಾಲ್ಕು ಎನ್ನುತ್ತಿದ್ದ.

ಕಂಪನಿಯ ಬಟ್ಟೆಬರೆ ನೋಡಿಕೊಳ್ಳುವವಳು ಗುತ್ತೂರಿನ ಹಂಪವ್ವ. ಮದುವೆಯಾದ ಎರಡನೇ ವರ್ಷ ಗಂಡ ತೀರಿಕೊಂಡಿದ್ದ. ಸೋದರಮಾವನಿಂದ ಕಲಿತ ಹೊಲಿಗೆಯೊಂದು ಕೈಯಲ್ಲಿ ಉಳಿದಿತ್ತು. ನಾಲ್ಕು ವರ್ಷ ಟ್ರಂಕುಗಳ ಹಿಂದೆ ಊರೂರು ತಿರುಗಿ ಅವಳಿಗೆ ಸಾಕೋ ಸಾಕಾಗಿತ್ತು. ಒಂದು ಊರು, ಒಂದು ಬಾಗಿಲು, ನಾಲ್ಕೈದು ತಿಂಗಳಿಗೊಮ್ಮೆ ಗಾಡಿಗೆ ಎತ್ತಿ ಹೇರಬೇಕಿಲ್ಲದ ಒಂದು ಮಷೀನು. ಅವಳಿಗೆ ಬೇಕಿದ್ದದ್ದು ಇಷ್ಟೇ.

ದಿನಾ ಸಂಜೆ ಐದಕ್ಕೆ ಇಬ್ಬರ ಜಗಳ ಶುರು. ಕುಣಿತದಲ್ಲಿ ಗುಂಡಿ ಕಿತ್ತುಬರುತ್ತದೆಂದು ಮೈಲಾರಿಯ ಜಂಪರನ್ನು ಅವನ ಮೈಮೇಲೆಯೇ ಬೆನ್ನ ಹಿಂದೆ ಕಚ್ಚಾ ಹೊಲಿಗೆ ಹಾಕಿ ಮುಚ್ಚಬೇಕಿತ್ತು. ಆಟ ಮುಗಿದ ಮೇಲೆ ಅದನ್ನು ಬಿಚ್ಚಬೇಕಿತ್ತು.

"ಉಸಿರು ಬಿಡ್ರಿ."

"ಬಿಟ್ಟೀನಿ."

"ಬಿಟ್ಟಿಲ್ಲ. ಹೊಟ್ಟಿ ಐತಿಲ್ಲಿ. ಮಧ್ಯಾಹ್ನ ಎಷ್ಟು ಮುದ್ದೆ ಹೊಡದ್ರಿ?"

"ನಿಮ್ಮಪ್ಪನ ಮನೀದು ತಿಂದಿಲ್ಲ. ಸೂಜಿ ಚುಚ್ಚತೈತೆ, ನೋಡ್ಕಂಡು ಹಾಕು."

"ರಾಣಿಯೋರ ಚರ್ಮಕ್ಕೆ ನನ್ನ ಸೂಜಿ ಮುರೀಬೇಕು. ಚುಚ್ಚಾದು ಎಲ್ಲಿಂದ ಬಂತು?"

"ಓಬಯ್ಯಾರೆ, ಈಕಿ ಇರಬೇಕು, ಇಲ್ಲ ನಾನಿರಬೇಕು!"

ಹೊರಗಿನಿಂದ ಓಬಯ್ಯ ಕೂಗುತ್ತಿದ್ದ: "ಇಬ್ರೂ ಇರ್ರಪ್ಪ, ಆಗ್ಲೇ ಟಿಕೇಟು ಹರದೀವಿ."

ಅವಳು ಅವನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. ಬೈಯುವಾಗಲೂ 'ರಿ' ಹಚ್ಚಿಯೇ ಬೈಯುತ್ತಿದ್ದಳು. ಆ ಮರ್ಯಾದೆಯೇ ಅವನನ್ನು ಹೆಚ್ಚು ಉರಿಸುತ್ತಿತ್ತು.

ಹಿಂದಿನ ವರ್ಷದಿಂದ ಮೈಲಾರಿಯ ಹೆಗಲು ಅಗಲವಾಗುತ್ತ ಬಂದಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದದ್ದು ಒಂದು ಸಂಜೆ ಒಳಗಿದ್ದ ಹಂಪವ್ವನಿಗೂ ಕೇಳಿಸಿತು. ಅವಳು ಎರಡು ದಿನ ಕೂತು ಅವನ ಜಂಪರಿಗೆ ಹೊಸದೊಂದು ತೋಳು ಕತ್ತರಿಸಿದಳು. ಹೊಲಿಗೆಯನ್ನು ಹೆಗಲಿನ ಒಳಕ್ಕೆ ತಂದು, ತೋಳಿನ ಬುಡಕ್ಕೆ ಒತ್ತಾಗಿ ನಿರಿಗೆ ಕೊಟ್ಟು, ಮೊಣಕೈ ಮೇಲೆ ಬಿಗಿ ಹಿಡಿದಳು. ಎಲುಬೆಲ್ಲ ನಿರಿಗೆಯೊಳಗೆ ಮುಳುಗಿತು. ರಂಗದ ಮೇಲೆ ಅವನು ಹೂವಿನ ದಳದಂತೆ ಕಂಡ.

ಮೂರೇ ತಿಂಗಳಲ್ಲಿ ಚೌಕಿಪೇಟೆಯ ಸಾಹುಕಾರರ ಮನೆಯ ಹೆಂಗಸರಿಗೆಲ್ಲ ಅದೇ ತೋಳು ಬೇಕಾಯಿತು. ಮಿಲ್ಲಿನ ಗುಮಾಸ್ತರ ಹೆಂಡಿರಿಗೂ ಬೇಕಾಯಿತು. ಅದಕ್ಕೊಂದು ಹೆಸರೂ ಬಿತ್ತು: ಮೈಲಾರಿ ತೋಳು. ಆ ಹೆಸರು ಕಿವಿಗೆ ಬಿದ್ದ ದಿನ ಹಂಪವ್ವ ಊಟ ಮಾಡಲಿಲ್ಲ.

ಚೌಕಿಪೇಟೆಯ ದರ್ಜಿ ಹಯಾತ್ ಸಾಬ್ ಒಂದು ಮಧ್ಯಾಹ್ನ ತಾನೇ ಕಂಪನಿಗೆ ಬಂದ. ತಾಲೀಮು ನಡೆದಿತ್ತು, ಎಲ್ಲರೂ ಅಲ್ಲೇ ಇದ್ದರು.

"ನಮ್ಮ ಅಂಗಡಿಗೆ ಹೆಂಗಸರು ಅಳತೆ ಕೊಡಾಕೆ ಬರಲ್ಲಮ್ಮ. ಹಳೇ ಜಂಪರು ಕಳಿಸ್ತಾರೆ. ಹಳೇ ಜಂಪರ್ನಾಗೆ ಈ ತೋಳು ಎಲ್ಲೈತೆ? ಅಂದಾಜಿಗೆ ಕತ್ತರಿ ಹಾಕ್ತೀನಿ, ಹಾಕ್ಕಂಡ್ರೆ ಬದನೇಕಾಯಿ ಜೋತುಬಿದ್ದಂಗೆ ಆಗತೈತೆ. ಹೆಂಗಸರ ಅಳತೆ ತಗಳ್ಳಾಕೆ ಹೆಂಗಸೇ ಬೇಕು. ಈ ತೋಳು ಮಾಡಿದೋರು ಯಾರು?"

ಹಂಪವ್ವ ಬಾಯಿ ತೆರೆಯುವ ಮೊದಲೇ ಮೈಲಾರಿ ಹೇಳಿಬಿಟ್ಟ: "ಕಲ್ಪನೆ ನಂದು ಸಾಬ್ರೆ. ಈಕಿ ಬರೇ ದಾರ ಎಳೀತಾಳೆ."

"ಕಲ್ಪನೆಯಂತೆ!" ಹಂಪವ್ವ ಎದ್ದು ನಿಂತಳು. "ಸಾಬ್ರೆ, ನಮ್ಮ ರಾಣಿಯೋರ ಹೆಗಲು ನೊಗ ಹೊತ್ತ ಎತ್ತಿನ ಹೆಗಲು. ಮಂದಿ ನಗಾಕೆ ಹತ್ತಿದ್ರು. ಅದನ್ನ ಮುಚ್ಚಾಕೆ ನಾನು ಮಾಡಿದ ತೋಳಿದು. ಇದರಾಗೆ ಇವರು ಮಾಡಿದ್ದೇನಂದ್ರೆ, ಹೆಗಲು ಬೆಳೆಸಿದ್ದು."

ಹಾರ್ಮೋನಿಯಂ ಬಾರಿಸುವ ಮಕ್ತುಮ್ ಸಾಬ್ ನಕ್ಕ, ಎಲ್ಲರೂ ನಕ್ಕರು. ಓಬಯ್ಯ ಮಾತ್ರ ನಗಲಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಮೈಲಾರಿಯ ಹೆಗಲನ್ನೇ ನೋಡುತ್ತ ನಿಂತ. ಬೇರೆ ಕಂಪನಿಗಳ ಹಾಗೆ ನಾವೂ ಹೆಂಗಸರ ಪಾತ್ರಕ್ಕೆ ಹೆಂಗಸರನ್ನೇ ತರುವ ಕಾಲ ಬಂದಿದೆ ಎಂದು ಅವನು ಆಗಲೇ ಅಲ್ಲಲ್ಲಿ ಅನ್ನುತ್ತಿದ್ದ. ಮೈಲಾರಿಯ ಮುಖ ಬಣ್ಣವಿಲ್ಲದೆಯೂ ಬೆಳ್ಳಗಾಯಿತು. ಹಂಪವ್ವ ಅದನ್ನು ಕಂಡಳು. ಕಂಡರೂ ಆಡಿದ ಮಾತು ಒಳಕ್ಕೆ ಹೋಗುವುದಿಲ್ಲವಲ್ಲ.

"ಹಂಗಾದ್ರೆ ನಮ್ಮ ಮನೆಯಾಕೆಗೆ ಒಂದು ಹೊಲಿದು ಕೊಡು," ಎಂದ ಹಯಾತ್ ಸಾಬ್. "ಮೈಮ್ಯಾಲೆ ಸರಿಯಾಗಿ ಕೂತರೆ ಅಂಗಡಿ ಹಿಂದಿನ ಖೋಲಿ, ಮಷೀನು, ಹೆಂಗಸರ ಗಿರಾಕಿ ಎಲ್ಲಾ ನಿಂದು. ಕೂರದಿದ್ರೆ ಹುಬ್ಬಳ್ಳಿಯಿಂದ ಒಬ್ಬ ದರ್ಜಿ ಬರ್ತೀನಂತಾನೆ, ಅಳತೆ ತಗಳ್ಳಾಕೆ ಹೆಂಡ್ತೀನೂ ಕರಕೊಂಡು."

ಹಯಾತ್ ಸಾಬನ ಹೆಂಡತಿ ಖೈರುನ್ನೀಸಾ ತೆಳ್ಳಗಿನ, ನಗುಮುಖದ ಹೆಂಗಸು. ಅವಳು ಟೇಪು ತಂದು ಕೊಟ್ಟರೆ ಹಂಪವ್ವ ಮುಟ್ಟಲಿಲ್ಲ. "ಕಣ್ಣಳತೆ ಸಾಕವ್ವ ನಮಗ," ಎಂದಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಟೇಪು ಹಿಡಿದಿರಲಿಲ್ಲ. ಕತ್ತರಿ ಇಟ್ಟಲ್ಲಿ ಬಟ್ಟೆ ಸರಿಯಾಗಿ ಹರಿಯುತ್ತಿತ್ತು.

ಮೂರನೆಯ ದಿನ ಖೈರುನ್ನೀಸಾ ಹೊಲಿದು ತಂದ ಜಂಪರನ್ನು ತೊಟ್ಟು ನಿಂತಳು. ಹೆಗಲಿನ ಹೊಲಿಗೆ ಅರ್ಧ ತೋಳಿಗೆ ಇಳಿದಿತ್ತು. ನಿರಿಗೆ ಬೆನ್ನ ಹಿಂದೆ ಗಂಟುಮೂಟೆಯಾಗಿತ್ತು. ಎದೆಯ ಸುತ್ತ ಇನ್ನೊಬ್ಬರು ಹೊಗುವಷ್ಟು ಜಾಗ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು:

"ಇದು ಯಾರ ಅಳತೆ ಹಂಪವ್ವ? ನಂದಲ್ಲ. ನಿಂದೂ ಅಲ್ಲ."

ಹಂಪವ್ವನ ಕಿವಿ ಬಿಸಿಯಾದವು. ಕಣ್ಣು ಖೈರುನ್ನೀಸಾಳನ್ನೇ ನೋಡಿತ್ತು. ಕೈ ಮಾತ್ರ ತನಗೆ ಗೊತ್ತಿದ್ದ ಒಂದೇ ಮೈಗೆ ಕತ್ತರಿ ಹಾಕಿತ್ತು. ಮೈಲಾರಿಯನ್ನು ಆ ಜಂಪರಿನೊಳಗೆ ನಿಲ್ಲಿಸಿದ್ದರೆ ಒಂದು ನೂಲು ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಖೈರುನ್ನೀಸಾ ಗಂಡನಿಗೆ ಹೇಳಿ ಇನ್ನೊಂದು ಅವಕಾಶ ಕೊಡಿಸಿದಳು. ಅಕ್ಕನ ಮಗಳು ಶಹಜಾದಿಯ ನಿಕಾಹಕ್ಕೆ ಒಂದು ಜಂಪರು, ಮುಂದಿನ ಶುಕ್ರವಾರದೊಳಗೆ. ಅದೂ ಕೆಟ್ಟರೆ ಹುಬ್ಬಳ್ಳಿಯವನೇ. ಈ ಸಲ ಹಂಪವ್ವ ಟೇಪು ಹಿಡಿದು ಹುಡುಗಿಯ ಅಳತೆಯನ್ನು ಎರಡೆರಡು ಸಲ ತೆಗೆದುಕೊಂಡಳು.

ಆ ಭಾನುವಾರ ಕಂಪನಿ ಥಿಯೇಟರು ಕಿತ್ತು ಹರಿಹರಕ್ಕೆ ಹೋಯಿತು; ಶಹಜಾದಿಯ ಬಟ್ಟೆ ಹಿಡಿದು ಹಂಪವ್ವನೂ ಜೊತೆಗೇ ಹೋದಳು. ಗದಗಿನ ಕಡೆಯ ನಟಿಯೊಬ್ಬಳಿಗೆ ಕಾಗದ ಹಾಕಿರುವುದಾಗಿ ಓಬಯ್ಯ ಎಲ್ಲರ ಎದುರೇ ಹೇಳಿದ. ಅಂದಿನಿಂದ ಮೈಲಾರಿ ಹಂಪವ್ವನ ಜೊತೆ ಮಾತು ಬಿಟ್ಟ. ಹೇಳಬೇಕಾದದ್ದನ್ನು ಬಟ್ಟೆಯ ಟ್ರಂಕಿಗೆ ಹೇಳುತ್ತಿದ್ದ.

"ಟ್ರಂಕೇ, ನಿಮ್ಮ ಯಜಮಾನತಿಗೆ ಹೇಳು, ಸೊಂಟದ ಪಟ್ಟಿ ಸಡಿಲಾಗೈತೆ."

"ಟ್ರಂಕೇ, ಸೊಂಟ ಇದ್ದೋರಿಗೆ ಪಟ್ಟಿ ನಿಲ್ತೈತೆ ಅಂತ ಹೇಳು."

ಬುಧವಾರ ಮಧ್ಯಾಹ್ನ ಕಂಪನಿಯವರೆಲ್ಲ ಹೊಳೆಗೆ ಹೋಗಿದ್ದರು. ಶಹಜಾದಿಯ ಮೈಕಟ್ಟೂ ತನ್ನದೂ ಹೆಚ್ಚುಕಡಿಮೆ ಒಂದೇ ಎಂದು ಹಂಪವ್ವ ಕಚ್ಚಾ ಹೊಲಿಗೆಯ ಜಂಪರನ್ನು ತನ್ನ ಜಂಪರಿನ ಮೇಲೆಯೇ ತೊಟ್ಟು ದೊಡ್ಡ ಕನ್ನಡಿಯ ಮುಂದೆ ನಿಂತಿದ್ದಳು. ಅಳತೆ ಸರಿಯಿತ್ತು. ಆದರೂ ತೋಳು ಸತ್ತಂತೆ ಬಿದ್ದಿತ್ತು. ಎಲ್ಲಿ ಕೆಟ್ಟಿದೆಯೆಂದು ತಿಳಿಯದೆ ಮೂರು ಸಲ ಬಿಚ್ಚಿ ಹೊಲಿದಿದ್ದಳು. ಉಳಿದಿದ್ದದ್ದು ಒಂದೇ ದಿನ.

"ಟ್ರಂಕೇ, ಯಾರೋ ಗೋಣಿಚೀಲ ತೊಟ್ಕಂಡು ನಿಂತಾರೆ."

ಮೈಲಾರಿ ಬಾಗಿಲಲ್ಲಿದ್ದ.

"ನೋಡಬ್ಯಾಡ್ರಿ."

"ಹನ್ನೊಂದು ವರ್ಷ ಬಜಾರ್ನಾಗೆ, ಕೆರೆ ದಂಡಿಮ್ಯಾಲೆ ಹೆಂಗಸರ ಹೆಗಲು ನೋಡೇ ಹೊಟ್ಟಿ ಹೊರದೀನಿ. ಇದೊಂದು ಹೊಸದಾ?"

"ಅದನ್ನ ಹೇಳಿಕೊಳ್ಳಾಕೆ ನಾಚಿಕಿ ಬ್ಯಾಡೇನ್ರಿ?"

ಅವನು ಜಗಳಕ್ಕೆ ಇಳಿಯಲಿಲ್ಲ. ಅವಳ ಸುತ್ತ ಒಂದು ಸುತ್ತು ಬಂದ. ಆಮೇಲೆ ಟ್ರಂಕನ್ನು ಮರೆತು ನೇರ ಅವಳಿಗೇ ಹೇಳಿದ:

"ನಿರಿಗೆ ಹಿಂದಕ್ಕ ಯಾಕ ತಳ್ಳೀಯ?"

"ಯಾವಾಗ್ಲೂ ಹಂಗೇ ಹಾಕಾದು."

"ಯಾವಾಗ್ಲೂ ಹಾಕಾದು ನನಗ! ನನ್ನ ಬೆನ್ನಾಗೆ ಎಲುಬು ಎದ್ದೈತೆ, ಅದಕ್ಕ ಹಿಂದಕ್ಕ ತಳ್ತಿ. ಆ ಹುಡುಗಿ ಬೆನ್ನಾಗೆ ಏನೈತೆ? ದನ ಕಾಯೋರಿಗೂ ಗೊತ್ತಾಗತೈತೆ. ಮೇಲಕ್ಕ ತಾ. ಹೆಗಲ ನೆತ್ತಿಗೆ."

ಅವಳು ಕೈ ಹಿಂದಕ್ಕೆ ಚಾಚಿದಳು, ಎಟುಕಲಿಲ್ಲ. ಅವನು ಗುಂಡುಸೂಜಿಯ ಡಬ್ಬಿ ಎತ್ತಿಕೊಂಡ. ನಾಲ್ಕು ಸೂಜಿಯನ್ನು ಹಲ್ಲಲ್ಲಿ ಕಚ್ಚಿ, ಅವಳ ಹೆಗಲ ಮೇಲಿನ ನಿರಿಗೆಯನ್ನು ಒಂದೊಂದಾಗಿ ಮೇಲಕ್ಕೆ ಎಳೆದು ಕೂರಿಸತೊಡಗಿದ. ಅವನ ಬೆರಳು ತಣ್ಣಗಿದ್ದವು. ನಾಲ್ಕು ವರ್ಷ ಅವನ ಬೆನ್ನ ಹಿಂದೆ ನಿಂತವಳು ಈಗ ತನ್ನ ಬೆನ್ನ ಹಿಂದೆ ಅವನನ್ನು ಇಟ್ಟುಕೊಂಡು ನಿಂತಿದ್ದಳು.

"ಉಸಿರು ಬಿಡು."

"ಬಿಟ್ಟೀನಿ."

"ಬಿಟ್ಟಿಲ್ಲ."

ಕನ್ನಡಿಯಲ್ಲಿ ತೋಳು ಎದ್ದು ನಿಂತಿತು. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಹಂಪವ್ವನಿಗೆ ಅವಮಾನವಾಯಿತು. ಅದಕ್ಕಿಂತ ಬೇರೆ ಏನೋ ಒಂದು ಆಯಿತು. ಅದನ್ನು ತಡೆಯಲೆಂದೇ ಒರಟಾಗಿ ಕೇಳಿದಳು:

"ನನಗ ಯಾಕ ಹೇಳಿಕೊಡ್ತೀರಿ?"

"ನಿನ್ನ ಪೀಡೆ ತೊಲಗಲಿ ಅಂತ. ನೀನು ಶುಕ್ರವಾರ ಹೋದ್ರೆ ಶನಿವಾರ ಹರಿಹರೇಶ್ವರನ ಗುಡೀಗೆ ಉರುಳುಸೇವೆ ಮಾಡ್ತೀನಿ."

"ನಾನು ಹೋದ್ರೆ ನಿಮ್ಮ ಹೆಗಲು ಯಾರು ಮುಚ್ತಾರೆ?"

ಸೂಜಿ ನಿಂತಿತು.

"ಊರಿಗೆಲ್ಲ ಸಾರಿದೋಳು ನೀನೇ. ಇನ್ನ ಮುಚ್ಚಾದೇನೈತೆ?"

ಹಂಪವ್ವ ತಪ್ಪಾಯಿತು ಎನ್ನಬೇಕೆಂದುಕೊಂಡಳು. ಅವರಿಬ್ಬರ ನಡುವೆ ಆ ಮಾತಿನ ರೂಢಿಯಿರಲಿಲ್ಲ. ಬಾಯಿಂದ ಬಂದದ್ದು, "ಸೂಜಿ ಚುಚ್ಚತೈತೆ, ನೋಡ್ಕಂಡು ಹಾಕ್ರಿ," ಎಂಬುದು.

ಶುಕ್ರವಾರ ದಾವಣಗೆರೆಯಲ್ಲಿ ಶಹಜಾದಿ ಜಂಪರು ತೊಟ್ಟಳು. ಖೈರುನ್ನೀಸಾ ಹುಡುಗಿಯನ್ನು ಮೂರು ಸಲ ತಿರುಗಿಸಿ ನೋಡಿ, ಪರದೆಯ ಆಚೆ ಕಾಯುತ್ತಿದ್ದ ಗಂಡನಿಗೆ "ಕೂತೈತೆ" ಎಂದು ಕೂಗಿದಳು. ಹಯಾತ್ ಸಾಬ್ ಮಾತಿಗೆ ತಪ್ಪಲಿಲ್ಲ. ಹಿಂದಿನ ಖೋಲಿಯ ಕೀಲಿಯನ್ನು ಅಂದೇ ಹಂಪವ್ವನ ಕೈಗೆ ಕೊಟ್ಟ.

ಭಾನುವಾರ ಅವಳು ತನ್ನ ಗಂಟು ತರಲು ಹರಿಹರಕ್ಕೆ ಹೋದಳು. ಎರಡು ದಿನ ಕೂತು ಮೈಲಾರಿಗೆಂದು ನಾಲ್ಕು ಜಂಪರು ಹೊಲಿದು ಒಯ್ದಿದ್ದಳು. ಅವನ ಮುಂದೆ ಇಟ್ಟಳು. ಅವನು ಕಾಲಿನಿಂದ ಸರಿಸಿದ.

"ನಿನ್ನ ಕೈ ಹೊಲಿಗಿ ಇನ್ನ ನನ್ನ ಮೈಮ್ಯಾಲೆ ಬ್ಯಾಡ."

"ಗೋಣಿ ತೊಟ್ಕಂಡು ಕುಣೀತೀರೇನು?"

"ಕುಣೀತೀನಿ. ನಿನಗ್ಯಾಕ?"

"ನನಗೇನೂ ಇಲ್ಲ. ನಮ್ಮ ಅಂಗಡ್ಯಾಗ ಗಂಡಸರ ಅಂಗೀನೂ ಹೊಲೀತಾರೆ. ಕುಣಿಯಾದು ಮುಗಿದ ಮ್ಯಾಲೆ ಬರ್ರಿ. ಒಮ್ಮೆಯಾದ್ರೂ ಗಂಡಸಿನಂಗೆ ಕಾಣ್ರಿ."

"ನಿನ್ನ ಮುಂದೆ ನಿಂತು ಅಳತೆ ಕೊಡಾದಕ್ಕಿಂತ ಹೊಳೀಗೆ ಹಾರಾದು ವಾಸಿ."

"ನಿಮ್ಮ ಅಳತೆ ಯಾರು ಕೇಳಿದ್ರು?" ಹಂಪವ್ವ ಆ ಜಂಪರುಗಳನ್ನು ಎತ್ತಿ ಟ್ರಂಕಿಗೆ ಹಾಕಿದಳು. "ನಿಮ್ಮ ಅಳತೆ ನನ್ನ ಕೈ ಬಿಟ್ಟು ಎಲ್ಲಿ ಹೋಗತೈತೆ?"

ಅಂದ ಮೇಲೆ ಅವಳಿಗೇ ಹೆದರಿಕೆಯಾಯಿತು. ಮೈಲಾರಿ ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಓಬಯ್ಯ ತಾಲೀಮಿಗೆ ಕೂಗಿದ. ಮೈಲಾರಿ ಎದ್ದು ಹೋದ. ಹಂಪವ್ವ ತಾಲೀಮು ಮುಗಿಯುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ, ದಾವಣಗೆರೆಯ ಬಸ್ಸು ನಿಂತಿತ್ತು, ಸೋಮವಾರ ಬೆಳಿಗ್ಗೆ ಆರು ಜನ ಹೆಂಗಸರು ಅಳತೆ ಕೊಡಲು ಬರುವವರಿದ್ದರು.

ಗದಗಿನ ನಟಿ ಬರುವ ಹಿಂದಿನ ದಿನ ಮೈಲಾರಿ ಯಾರಿಗೂ ಹೇಳದೆ ಕಂಪನಿ ಬಿಟ್ಟ. ಆ ನಾಲ್ಕು ಜಂಪರುಗಳೂ ಟ್ರಂಕಿನಲ್ಲಿ ಸಿಗಲಿಲ್ಲ ಎಂದು ಮಕ್ತುಮ್ ಸಾಬ್ ಬಂದು ಹೇಳಿದ. ಹಂಪವ್ವ ಮಷೀನು ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ಹದಡಿಗೆ ಹೋಗುವ ಗಾಡಿಯವನೊಬ್ಬನ ಕೈಯಲ್ಲಿ ವಿಚಾರಿಸಿದಳು. ಊರಿಗೆ ಬಂದಿಲ್ಲ ಎಂಬ ಉತ್ತರ ಬಂತು.

ಆ ಬುಧವಾರ ಅವನು ನಿರಿಗೆಯ ಗುಟ್ಟು ಹೇಳಿದ್ದು ಅವಳು ತೊಲಗಲಿ ಎಂದೋ, ಅವಳಿಗೆ ಒಂದು ಬಾಗಿಲು ಸಿಗಲಿ ಎಂದೋ, ಅಥವಾ ಕೆಟ್ಟ ಹೊಲಿಗೆಯನ್ನು ಕಂಡು ಸುಮ್ಮನಿರಲಾರದ ಚಟದಿಂದಲೋ ಗೊತ್ತಿಲ್ಲ. ಕೊನೆಗೆ ಬಾಯಿ ತೆರೆದವನು ಏನು ಹೇಳಲಿದ್ದ ಎಂಬುದೂ ಗೊತ್ತಿಲ್ಲ. ಹಂಪವ್ವನಿಗೂ ಗೊತ್ತಿಲ್ಲ. ಅವನು ಎಲ್ಲಿಗೆ ಹೋದ, ಎಷ್ಟು ವರ್ಷ ಬದುಕಿದ ಎಂದು ತಿಳಿದವರು ಇದುವರೆಗೆ ಸಿಕ್ಕಿಲ್ಲ.